ನಿಂತ ಎಂಜಿನ್ನಿನ ದೀಪ

ಮಾದರಿ ರೈಲನ್ನು ಹಳೆಯ ಪದ್ಧತಿಯಲ್ಲಿ ಓಡಿಸಿದವರೆಲ್ಲರೂ ಕಂಡಿರುವ, ಆದರೆ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಇದೆ. ಕಂಟ್ರೋಲರಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತ ಬಂದಂತೆ ಎಂಜಿನ್ನಿನ ವೇಗ ತಗ್ಗುತ್ತದೆ, ಅದರ ಜೊತೆಜೊತೆಗೇ ಮುಂದಿನ ದೀಪವೂ ಮಂಕಾಗುತ್ತದೆ, ಎಂಜಿನ್ ನಿಲ್ಲುವಷ್ಟರಲ್ಲಿ ದೀಪ ಪೂರ್ತಿ ಆರಿಹೋಗಿರುತ್ತದೆ. ನಿಲ್ದಾಣದಲ್ಲಿ ನಿಂತ ರೈಲು ಎಂದು ನಾವು ಎಷ್ಟೇ ಕಲ್ಪಿಸಿಕೊಂಡರೂ ಹಳಿಯ ಮೇಲೆ ಉಳಿದಿರುವುದು ಬಣ್ಣ ಬಳಿದ ಒಂದು ಪ್ಲಾಸ್ಟಿಕ್ ಕವಚ ಮಾತ್ರ. ಓಡುವಾಗ ಅದು ರೈಲು, ನಿಂತಾಗ ವಸ್ತು. ಈ ವ್ಯತ್ಯಾಸ ನನ್ನನ್ನು ಚಿಕ್ಕಂದಿನಿಂದಲೂ ಕಾಡಿದೆ. ನನ್ನಲ್ಲಿರುವ ಹಳೆಯ ಎಂಜಿನ್ನೊಂದನ್ನು ಡಿಜಿಟಲ್ ನಿಯಂತ್ರಣಕ್ಕೆ ಒಳಪಡಿಸಲು ಕೊನೆಗೂ ಕುಳಿತದ್ದಕ್ಕೆ ಮುಖ್ಯ ಕಾರಣ ಅದೇ.

ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ, ರೈಲು ಹಳಿಗೆ ಹತ್ತಿರದ ಓಣಿಯೊಂದರಲ್ಲಿ. ಅಲ್ಲಿ ಬೆಳೆದ ಮಕ್ಕಳಿಗೆ ನಿಂತ ಎಂಜಿನ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರ್ಡಿನಲ್ಲಿ ಆಲ್ಕೊ ವಿನ್ಯಾಸದ ಡೀಸೆಲ್ ಎಂಜಿನ್ನುಗಳು ಗಂಟೆಗಟ್ಟಲೆ ನಿಂತಿರುತ್ತಿದ್ದವು, ಆದರೆ ಸುಮ್ಮನೆ ನಿಂತಿರುತ್ತಿರಲಿಲ್ಲ. ಮತ್ತೆ ಚಾಲೂ ಮಾಡುವುದೆಂದರೆ ಬ್ಯಾಟರಿಯ ಮೇಲೆ ಭಾರ, ಬ್ರೇಕಿನ ಗಾಳಿಯ ಒತ್ತಡವನ್ನೂ ಕಾಯ್ದುಕೊಳ್ಳಬೇಕು. ಹಾಗಾಗಿ ಅವು ನಿಮಿಷಕ್ಕೆ 400 ಸುತ್ತುಗಳ ನಿಧಾನ ಲಯದಲ್ಲಿ ಗುಡುಗುಡು ಎನ್ನುತ್ತಲೇ ಇರುತ್ತಿದ್ದವು. ರಾತ್ರಿ ಊಟ ಮುಗಿಸಿ ಮಾಳಿಗೆಯ ಮೇಲೆ ಮಲಗಿದರೆ ಆ ಸದ್ದು ಕಟ್ಟೆಯ ಕಲ್ಲಿನ ಮೂಲಕವೇ ಬೆನ್ನಿಗೆ ತಾಗುತ್ತಿತ್ತು. ಯಾವುದೋ ಒಂದು ಎಂಜಿನ್ ಹೊರಟುಹೋದರೂ ಅದರ ಪಕ್ಕದ್ದು ದೀಪ ಹೊತ್ತಿಸಿಕೊಂಡು ಅಲ್ಲಿಯೇ ಕಾಯುತ್ತಿರುತ್ತಿತ್ತು. 1999ರ ಸುಮಾರಿಗೆ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸದ ಡಬ್ಲ್ಯುಡಿಜಿ-4 ಎಂಜಿನ್ನುಗಳು ಹುಬ್ಬಳ್ಳಿ ಶೆಡ್ಡಿಗೆ ಬರತೊಡಗಿದ ಮೇಲೆ ಆ ಸದ್ದಿನ ಲಯ ಬದಲಾಯಿತು. ನಿಂತು ಉಸಿರಾಡುವ ಕ್ರಮ ಮಾತ್ರ ಬದಲಾಗಲಿಲ್ಲ.

ಶಿಕಾಗೊದಲ್ಲಿದ್ದ ನಮ್ಮ ಕಾಕಾ ಒಂದು ಬೇಸಿಗೆಯ ರಜೆಯಲ್ಲಿ ಬಂದಾಗ ನನಗೆ ತಂದುಕೊಟ್ಟದ್ದು ಇದೇ ಇಎಂಡಿ ಮನೆತನದ ಹಿರಿಯ ಎಂಜಿನ್ನಿನ ಮಾದರಿ. ಅಮೆರಿಕದಲ್ಲಿ 1972ರಿಂದ ತಯಾರಾದ, 3000 ಅಶ್ವಶಕ್ತಿಯ, ಆರು ಅಚ್ಚುಗಳ ಎಸ್‌ಡಿ40-2 ಅದರ ಮೂಲ. ಮಾದರಿಯನ್ನು ತಯಾರಿಸಿದವರು ಕ್ಯಾಲಿಫೋರ್ನಿಯಾದ ಅಥರ್ನ್. ಹವ್ಯಾಸಿಗಳು ಇಂದಿಗೂ ಪ್ರೀತಿಯಿಂದ ನೆನೆಯುವ ನೀಲಿ ಪೆಟ್ಟಿಗೆಯಲ್ಲಿ ಅದು ಬಂದಿತ್ತು. ಮೈಗೆ ಬರ್ಲಿಂಗ್ಟನ್ ನಾರ್ದರ್ನ್ ಕಂಪನಿಯ ಹಸಿರು, ಕಪ್ಪು ಬಣ್ಣ, ಕ್ಯಾಬಿನ ಪಕ್ಕದಲ್ಲಿ 7012 ಎಂಬ ಸಂಖ್ಯೆ. ಪಡಸಾಲೆಯ ಕಡಪ ಕಲ್ಲಿನ ನೆಲದ ಮೇಲೆ ಹಳಿಗಳನ್ನು ಅಂಡಾಕಾರದಲ್ಲಿ ಜೋಡಿಸಿ, 110 ವೋಲ್ಟಿನ ಪವರ್ ಪ್ಯಾಕಿಗೆಂದು ಕೊಂಡುತಂದ ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ಕಾಕಾ ಗುಂಡಿ ತಿರುಗಿಸಿದರು. ಎಂಜಿನ್ ಓಡಿತು. ನಾನು ಅದನ್ನು ನಿಲ್ಲಿಸಿ ತೋರಿಸಲು ಕೇಳಿದೆ. ನಿಂತಿತು, ದೀಪ ಆರಿತು. "ಕಾಕಾ, ನಿಂತಾಗ ಲೈಟ್ ಯಾಕ ಹೋಗ್ತದ?" ಎಂದು ಕೇಳಿದ್ದಕ್ಕೆ ಅವರು, "ಹಳಿಯೊಳಗ ಕರೆಂಟ್ ಇದ್ರ ಓಡ್ತದ, ಇರಲಿಲ್ಲಂದ್ರ ನಿಲ್ತದ. ಎರಡೂ ಒಂದs ಕರೆಂಟಪಾ," ಎಂದರು. ಅನಲಾಗ್ ಪದ್ಧತಿಯ ಇಡೀ ವ್ಯಾಕರಣ ಆ ಉತ್ತರದಲ್ಲಿತ್ತು.

ಹಳಿಯಲ್ಲಿ ಹರಿಯುವ ಅಪ್ಪಣೆ

ಹಳೆಯ ಪದ್ಧತಿಯಲ್ಲಿ ನಾವು ನಿಯಂತ್ರಿಸುವುದು ಹಳಿಯನ್ನು. ಹಳಿಗೆ ಎಷ್ಟು ವೋಲ್ಟ್ ಕೊಡುತ್ತೇವೋ ಅಷ್ಟು ವೇಗ, ಧನ ಮತ್ತು ಋಣಗಳನ್ನು ಅದಲುಬದಲು ಮಾಡಿದರೆ ಹಿಮ್ಮುಖ ಚಲನೆ. ಎಂಜಿನ್ನಿಗೆ ಸ್ವಂತದ್ದೆನ್ನುವ ತಿಳಿವಳಿಕೆ ಏನೂ ಇಲ್ಲ. ಎರಡು ಎಂಜಿನ್ನುಗಳನ್ನು ಒಂದೇ ಹಳಿಯ ಮೇಲಿಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕೆಂದರೆ ಹಳಿಯನ್ನೇ ತುಂಡುತುಂಡಾಗಿ ವಿಭಾಗಿಸಿ, ಪ್ರತಿ ತುಂಡಿಗೂ ಒಂದೊಂದು ಸ್ವಿಚ್ಚು ಇಟ್ಟು, ರೈಲು ಮುಂದೆ ಸಾಗಿದಂತೆ ಸ್ವಿಚ್ಚುಗಳನ್ನು ಬದಲಿಸುತ್ತ ಹೋಗಬೇಕು. ದಶಕಗಳ ಕಾಲ ಹವ್ಯಾಸಿಗಳು ಅದನ್ನು ಬಹಳ ಶ್ರದ್ಧೆಯಿಂದ ಮಾಡಿದ್ದಾರೆ.

ಇದರಿಂದ ಬಿಡಿಸಿಕೊಳ್ಳುವ ಯೋಚನೆ ನನ್ನ ಎಂಜಿನ್ನಿಗಿಂತಲೂ ಹಳೆಯದು. 1963ರಲ್ಲೇ ಜನರಲ್ ಎಲೆಕ್ಟ್ರಿಕ್ ಕಂಪನಿ ಆಸ್ಟ್ರಾಕ್ ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದು ಒಂದೇ ಹಳಿಯ ಮೇಲೆ ಐದು ಎಂಜಿನ್ನುಗಳನ್ನು ಬೇರೆಬೇರೆಯಾಗಿ ಓಡಿಸಬಹುದೆಂದು ತೋರಿಸಿತ್ತು. 1979ರಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ಜೀರೊ-1 ಎಂಬ ಡಿಜಿಟಲ್ ವ್ಯವಸ್ಥೆಯನ್ನು ತಂದಿತು. ಆದರೆ ಒಬ್ಬರ ಸಾಮಾನು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಜರ್ಮನಿಯ ಗೀಸನ್ ಊರಿನ ಲೆಂಟ್ಸ್ ಸಂಸ್ಥೆ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಎಂಬ ಮುಕ್ತ ಮಾನದಂಡವನ್ನು ಒಪ್ಪಿಕೊಂಡ ಮೇಲೆ ಈ ತೊಡಕು ಬಗೆಹರಿಯಿತು. ಎಂಜಿನ್ನಿನೊಳಗೆ ಕುಳಿತು ಅಪ್ಪಣೆಯನ್ನು ಪಾಲಿಸುವ ಒಂದು ದೇಶದ ಡಿಕೋಡರು, ಹಳಿಗೆ ಅಪ್ಪಣೆ ಕಳಿಸುವ ಇನ್ನೊಂದು ದೇಶದ ಕಮಾಂಡ್ ಸ್ಟೇಷನ್ನಿನ ಮಾತನ್ನು ಕೇಳತೊಡಗಿದ್ದು ಆ ಬಳಿಕವೇ. ಹವ್ಯಾಸಿಗಳ ಸಂಘವೊಂದು ಸ್ವಯಂಸೇವೆಯಿಂದ ಮಾಡಿದ ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆ ಮುಕ್ತತೆ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಕುಳಿತು ನಾನು ಈ ಕೆಲಸಕ್ಕೆ ಕೈಹಾಕುವುದು ಸಾಧ್ಯವೇ ಇರಲಿಲ್ಲ.

ಡಿಸಿಸಿಯಲ್ಲಿ ಹಳಿಯ ವೋಲ್ಟೇಜ್ ಯಾವಾಗಲೂ ಪೂರ್ಣವಾಗಿರುತ್ತದೆ, ನನ್ನ ಅಳತೆಯ ಮಾದರಿಗಳಿಗೆ ಸುಮಾರು 14ರಿಂದ 16 ವೋಲ್ಟ್. ಎರಡು ಹಳಿಗಳ ಧ್ರುವಗಳು ಕಣ್ಣಿಗೆ ಕಾಣದ ವೇಗದಲ್ಲಿ ಅದಲುಬದಲಾಗುತ್ತಲೇ ಇರುತ್ತವೆ, ಸಂದೇಶ ಅಡಗಿರುವುದು ಆ ಅದಲುಬದಲಿನ ಕಾಲಾವಧಿಯಲ್ಲಿ. ಪ್ರತಿ ಅರ್ಧಕ್ಕೂ 58 ಮೈಕ್ರೊಸೆಕೆಂಡ್ ಹಿಡಿದರೆ ಅದು ಒಂದು, 100 ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸೊನ್ನೆ. ಮೊದಲು ಒಂದುಗಳ ಒಂದು ಸಾಲು ಬಂದು ಗಮನ ಸೆಳೆಯುತ್ತದೆ, ಆಮೇಲೆ ಎಂಜಿನ್ನಿನ ವಿಳಾಸ, ಆಮೇಲೆ ಅಪ್ಪಣೆ, ಕೊನೆಗೆ ತಪ್ಪಿದೆಯೇ ಎಂದು ತಾಳೆ ನೋಡುವ ಒಂದು ಬೈಟ್. ಇಂಥ ಸಂದೇಶಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಹಳಿಯಲ್ಲಿ ಹಾದುಹೋಗುತ್ತವೆ. ಹಳಿಯ ಮೇಲಿರುವ ಪ್ರತಿಯೊಂದು ಡಿಕೋಡರೂ ಎಲ್ಲವನ್ನೂ ಕೇಳಿಸಿಕೊಂಡು, ತನ್ನ ವಿಳಾಸದ್ದನ್ನು ಮಾತ್ರ ಪಾಲಿಸಿ, ತಾಳೆಯಾಗದ್ದನ್ನು ಬಿಟ್ಟುಬಿಡುತ್ತದೆ.

ನಿಜವಾದ ಡೀಸೆಲ್ ಎಂಜಿನ್ನೂ ಹೀಗೆಯೇ ನಡೆಯುತ್ತದೆ. ಡ್ರೈವರ್ ಥ್ರಾಟಲನ್ನು ನಾಚ್ ಎಂದು ಕರೆಯುವ ಎಂಟು ಹಂತಗಳಲ್ಲಿ ಒಂದಕ್ಕೆ ಸರಿಸಿದಾಗ ಅವನು ಮೋಟಾರುಗಳಿಗೆ ನೇರವಾಗಿ ವಿದ್ಯುತ್ತನ್ನು ಕೊಡುತ್ತಿರುವುದಿಲ್ಲ, ಇಷ್ಟು ಬೇಕೆಂದು ಹೇಳುತ್ತಿರುತ್ತಾನೆ. ಎಷ್ಟು ಎಣ್ಣೆ, ಎಷ್ಟು ವಿದ್ಯುತ್ತು, ಎಷ್ಟು ಬೇಗ ಎಂಬುದನ್ನು ಎಂಜಿನ್ನಿನ ಸುತ್ತುಗಳನ್ನು ಹತೋಟಿಯಲ್ಲಿಡುವ ಗವರ್ನರ್ ಎಂಬ ಸಾಧನವೂ ಎಂಜಿನ್ನಿನೊಳಗಿನ ವ್ಯವಸ್ಥೆಯೂ ಸೇರಿ ತೀರ್ಮಾನಿಸುತ್ತವೆ. ಶಕ್ತಿ ಎಂಜಿನ್ನಿನೊಳಗೆ ಸದಾ ಸಿದ್ಧವಾಗಿರುತ್ತದೆ, ಹೊರಗಿನಿಂದ ಬರುವುದು ಅಪ್ಪಣೆ ಮಾತ್ರ. ನಿಂತಾಗಲೂ ದೀಪ ಉರಿಯಲು ಸಾಧ್ಯವಾಗುವುದು ಇದರಿಂದಲೇ. ಡಿಜಿಟಲ್ ನಿಯಂತ್ರಣದ ಬಗ್ಗೆ ಮಾತನಾಡುವವರು ಹೆಚ್ಚಾಗಿ ಹಲವು ರೈಲುಗಳನ್ನು ಏಕಕಾಲಕ್ಕೆ ಓಡಿಸುವ ಅನುಕೂಲವನ್ನು ಹೊಗಳುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಕೊಡುಗೆ, ಎಂಜಿನ್ನಿಗೆ ಸರಿಯಾಗಿ ನಿಲ್ಲಲು ಕಲಿಸಿದ್ದು.

ಚೌಕಟ್ಟಿನಿಂದ ಮೋಟಾರನ್ನು ಬಿಡಿಸುವುದು

ಇತ್ತೀಚಿನ ಮಾದರಿಗಳಲ್ಲಿ ಡಿಕೋಡರಿಗೆಂದೇ ಸಾಕೆಟ್ಟು ಇರುತ್ತದೆ. ಎಂಟು ಪಿನ್ನಿನದೋ ಇಪ್ಪತ್ತೊಂದು ಪಿನ್ನಿನದೋ ನೋಡಿ ಸಿಕ್ಕಿಸಿದರೆ ಮುಗಿಯಿತು. ಹಳೆಯ ಅಥರ್ನ್ ಎಂಜಿನ್ನಿನಲ್ಲಿ ಅಂಥದ್ದೇನೂ ಇಲ್ಲ, ಒಂದು ತಂತಿ ಕೂಡ ಇಲ್ಲ ಎಂದರೂ ನಡೆಯುತ್ತದೆ. ಕವಚವನ್ನು ಎರಡೂ ಬದಿಯಿಂದ ಮೆಲ್ಲಗೆ ಅಗಲಿಸಿ ಮೇಲಕ್ಕೆತ್ತಿದರೆ ಕೆಳಗೆ ಎರಕದ ಲೋಹದ ದಪ್ಪ ಚೌಕಟ್ಟು, ನಡುವೆ ಮೋಟಾರು, ಅದರ ಎರಡೂ ತುದಿಗೆ ಓಟವನ್ನು ಕಾಯ್ದುಕೊಳ್ಳುವ ಹಿತ್ತಾಳೆ ಬಣ್ಣದ ಭಾರದ ಚಕ್ರಗಳು (ಫ್ಲೈವೀಲುಗಳು), ಮೇಲೆ ಉದ್ದಕ್ಕೂ ಒಂದು ತಗಡಿನ ಪಟ್ಟಿ ಕಾಣುತ್ತವೆ. ಒಂದು ಬದಿಯ ಗಾಲಿಗಳಿಂದ ಬಂದ ಕರೆಂಟು ಗಾಲಿ ಚೌಕಟ್ಟಿನ ಮೂಲಕ ಹಾದು ಇಡೀ ಲೋಹದ ಮೈಯನ್ನೇ ದಾರಿ ಮಾಡಿಕೊಂಡು ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಅಡಿಯ ಬ್ರಷ್ಷಿಗೆ ತಲುಪುತ್ತದೆ. ಇನ್ನೊಂದು ಬದಿಯದು ಮೇಲೆದ್ದ ಲೋಹದ ಕಂಬಗಳನ್ನು ಹತ್ತಿ, ಆ ತಗಡಿನ ಪಟ್ಟಿಯ ಮೂಲಕ ಮೇಲಿನ ಬ್ರಷ್ಷಿಗೆ ಬರುತ್ತದೆ. ಕಡಿಮೆ ಬಿಡಿಭಾಗಗಳಲ್ಲಿ, ಕಡಿಮೆ ಬೆಲೆಯಲ್ಲಿ, ಯಾರು ಬೇಕಾದರೂ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಜೋಡಿಸಬಹುದಾದ ವಿನ್ಯಾಸ ಅದು. ಇಷ್ಟು ವರ್ಷಗಳ ಮೇಲೂ ಈ ಎಂಜಿನ್ನುಗಳು ಓಡುತ್ತಿರುವುದಕ್ಕೆ ಆ ಸರಳತೆಯೇ ಕಾರಣ.

ಪರಿವರ್ತನೆಯ ಕಷ್ಟವೂ ಆ ಸರಳತೆಯಲ್ಲೇ ಅಡಗಿದೆ. ಡಿಕೋಡರು ಹಳಿಗೂ ಮೋಟಾರಿಗೂ ನಡುವೆ ಕುಳಿತು ಕೆಲಸ ಮಾಡಬೇಕಾದ ಸಾಧನ. ಹಳಿಯ ವಿದ್ಯುತ್ತು ಅದರ ಮೂಲಕವಲ್ಲದೆ ಬೇರಾವ ದಾರಿಯಿಂದಲೂ ಮೋಟಾರಿಗೆ ತಲುಪಕೂಡದು. ಎಲ್ಲೋ ಒಂದು ಕಡೆ ಮೋಟಾರಿನ ತುದಿ ಚೌಕಟ್ಟಿಗೆ ಕೂದಲೆಳೆಯಷ್ಟು ತಾಗಿದರೂ ಹಳಿಯ ವೋಲ್ಟೇಜು ಡಿಕೋಡರಿನ ಔಟ್‌ಪುಟ್ಟಿಗೆ ಹಿಂದಿನಿಂದ ನುಗ್ಗಿ ಅದನ್ನು ಸುಟ್ಟುಹಾಕುತ್ತದೆ. ಆದ್ದರಿಂದ ಡಿಕೋಡರನ್ನು ಕೂರಿಸುವುದು ಈ ಕೆಲಸದ ಸಣ್ಣ ಭಾಗ, ಮೋಟಾರನ್ನು ಬೇರ್ಪಡಿಸುವುದೇ ದೊಡ್ಡದು. ಇದನ್ನು ಅರ್ಥಮಾಡಿಕೊಂಡವರಿಗೆ ಯಾವ ಹಳೆಯ ಎಂಜಿನ್ನೂ ಕಷ್ಟವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಚ್ಚುವುದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಮೋಟಾರಿಗೆ 12 ವೋಲ್ಟ್ ಕೊಟ್ಟು, ಮಲ್ಟಿಮೀಟರನ್ನು ಆಂಪಿಯರ್ ಅಳತೆಗೆ ಹಾಕಿ ನಡುವೆ ಜೋಡಿಸಿ, ಫ್ಲೈವೀಲನ್ನು ಬೆರಳಿನಿಂದ ಹಿಡಿದು ಒಂದೇ ಕ್ಷಣ ಪೂರ್ತಿ ನಿಲ್ಲಿಸಬೇಕು. ಆಗ ಮೀಟರು ತೋರಿಸುವುದು ಆ ಮೋಟಾರು ಎಳೆಯಬಹುದಾದ ಗರಿಷ್ಠ ಕರೆಂಟು. ಡಿಕೋಡರು ತಾಳಿಕೊಳ್ಳುವ ಮಿತಿ ಅದಕ್ಕಿಂತ ಹೆಚ್ಚಿರಬೇಕು. ಹಳೆಯ ಮೋಟಾರುಗಳು ಸಾಮಾನ್ಯವಾಗಿ ಹೆಚ್ಚು ಎಳೆಯುತ್ತವೆ. ಬ್ರಷ್ಷುಗಳು ತಿರುಗುವ ತಾಮ್ರದ ಕಮ್ಯುಟೇಟರಿನ ಮೇಲೆ ಕೂತ ಕಪ್ಪು ಮಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ, ಒಣಗಿ ಅಂಟಾಗಿದ್ದ ಹಳೆಯ ಗ್ರೀಸನ್ನು ಗೇರುಗಳಿಂದ ತೊಳೆದು, ಹೊಸ ಎಣ್ಣೆಯ ಒಂದೊಂದೇ ಹನಿ ಬಿಟ್ಟ ಮೇಲೆ ನನ್ನದರ ಬೇಡಿಕೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಡಿಜಿಟಲ್ ಆಗುವುದಕ್ಕೂ ಮೊದಲು ಎಂಜಿನ್ ಯಾಂತ್ರಿಕವಾಗಿ ಚೆನ್ನಾಗಿರಬೇಕು. ಅನಲಾಗಿನಲ್ಲಿ ತಡವರಿಸುವ ಎಂಜಿನ್ ಡಿಕೋಡರು ಹಾಕಿದ ಮೇಲೆ ಇನ್ನಷ್ಟು ತಡವರಿಸುತ್ತದೆ.

ಮೋಟಾರು ಚೌಕಟ್ಟಿನ ತೂತುಗಳಿಗೆ ಒತ್ತಿ ಕೂರಿಸಿದ ಮೃದುವಾದ ಗುಬುಟುಗಳ ಮೇಲೆ ನಿಂತಿರುತ್ತದೆ. ಅಡಿಯಿಂದ ಒಂದೊಂದನ್ನೇ ಒತ್ತಿ ಬಿಡಿಸಿ ಮೋಟಾರನ್ನು ಮೇಲೆತ್ತಿ ತಿರುಗಿಸಿದಾಗ ಅದರ ಹೊಟ್ಟೆಯ ಮೇಲೆ ತಾಮ್ರ ಬಣ್ಣದ ಕ್ಲಿಪ್ಪೊಂದು ಕಾಣಿಸಿತು. ಅದರ ಎರಡು ಪುಟ್ಟ ನಾಲಿಗೆಗಳು ಕೆಳಕ್ಕೆ ಬಾಗಿದ್ದವು. ಇಷ್ಟು ವರ್ಷ ಚೌಕಟ್ಟಿಗೆ ಒತ್ತಿಕೊಂಡಿದ್ದ ಜಾಗದಲ್ಲಿ ಆ ನಾಲಿಗೆಗಳ ತುದಿ ಮಾತ್ರ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಕಂದಿಹೋಗಿತ್ತು. ಕ್ಲಿಪ್ಪನ್ನು ತೆಗೆಯುವಾಗ ಅದರ ಕೆಳಗಿರುವ ಸ್ಪ್ರಿಂಗು ಮತ್ತು ಕಾರ್ಬನ್ ಬ್ರಷ್ಷು ಚಿಮ್ಮಿ ಹಾರುವುದುಂಟು. ಹಾಗಾಗಿ ಈ ಕೆಲಸವನ್ನು ಬಿಳಿಯ ಬಟ್ಟೆ ಹಾಸಿದ ತಟ್ಟೆಯೊಳಗೆ, ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಮಾಡುವುದು ಒಳ್ಳೆಯದು. ಕ್ಲಿಪ್ಪನ್ನು ಹೊರತೆಗೆದು ನಾಲಿಗೆಗಳನ್ನು ಕತ್ತರಿಸುವುದು ವಾಡಿಕೆ. ನಾನು ಕತ್ತರಿಸಲಿಲ್ಲ. ಅದೇ ಅಳತೆಯ ಬೇರೊಂದು ಕ್ಲಿಪ್ಪನ್ನು ತರಿಸಿ, ಅದಕ್ಕೆ ಡಿಕೋಡರಿನ ಬೂದು ತಂತಿಯನ್ನು ಬೆಸೆದು ಕೂರಿಸಿದೆ. ಮೇಲಿನ ಕ್ಲಿಪ್ಪಿಗೆ ಕಿತ್ತಳೆ ತಂತಿ. ಮೋಟಾರು ಕೂರುವ ತಗ್ಗಿನಲ್ಲಿ ಶಾಖಕ್ಕೆ ಕರಗದ ಹಳದಿ ಕ್ಯಾಪ್ಟಾನ್ ಟೇಪನ್ನು ಎರಡು ಪದರ ಅಂಟಿಸಿ ಮೋಟಾರನ್ನು ಮರಳಿ ಕೂರಿಸಿದ್ದಾಯಿತು.

ಆಮೇಲಿನದು ಮಲ್ಟಿಮೀಟರಿನ ಕೆಲಸ. ಒಂದು ಕಡ್ಡಿಯನ್ನು ಬೂದು ತಂತಿಗೆ ಹಿಡಿದು ಇನ್ನೊಂದನ್ನು ಚೌಕಟ್ಟಿಗೆ ಮುಟ್ಟಿಸಿದರೆ ಬೀಪ್ ಸದ್ದು ಬರಕೂಡದು. ಹಾಗೆಯೇ ಕಿತ್ತಳೆ ತಂತಿಗೆ, ಎರಡೂ ಬದಿಯ ಗಾಲಿಗಳಿಗೆ. ಆಮೇಲೆ ಫ್ಲೈವೀಲನ್ನು ಕೈಯಿಂದ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಮತ್ತೆ ಎಲ್ಲವನ್ನೂ ಪರೀಕ್ಷಿಸಬೇಕು, ಏಕೆಂದರೆ ಒಂದು ಕೋನದಲ್ಲಿ ತಾಗದ್ದು ಇನ್ನೊಂದು ಕೋನದಲ್ಲಿ ತಾಗಬಹುದು. ಕವಚ ಮುಚ್ಚಿದ ಮೇಲೆ ಇನ್ನೊಮ್ಮೆ. ಈ ಮೌನದ ಪರೀಕ್ಷೆಯಲ್ಲಿ ಅವಸರ ಮಾಡದಿರುವುದೇ ಇಡೀ ಕೆಲಸದ ಜೀವಾಳ.

ಉಳಿದ ತಂತಿಗಳ ಬಣ್ಣಗಳನ್ನು ಎನ್‌ಎಂಆರ್‌ಎ ಗೊತ್ತುಮಾಡಿದೆ. ಬಲ ಹಳಿಗೆ ಕೆಂಪು, ಎಡ ಹಳಿಗೆ ಕಪ್ಪು, ಮುಂದಿನ ದೀಪಕ್ಕೆ ಬಿಳಿ, ಹಿಂದಿನದಕ್ಕೆ ಹಳದಿ, ದೀಪಗಳೆರಡಕ್ಕೂ ಸಮಾನವಾದ ಧನ ತುದಿಗೆ ನೀಲಿ. ಹಳೆಯ ಬಲ್ಬಿನ ಒಂದು ತುದಿ ಚೌಕಟ್ಟಿಗೇ ತಾಗಿದ್ದರಿಂದ ಅದನ್ನೂ ತೆಗೆದು, ಬೆಚ್ಚಗಿನ ಬಿಳಿ ಬಣ್ಣದ ಎಲ್‌ಇಡಿಯನ್ನು 1000 ಓಮಿನ ರೆಸಿಸ್ಟರಿನೊಂದಿಗೆ ಜೋಡಿಸಿದೆ. ಮೋಟಾರಿನ ಎರಡು ತಂತಿಗಳು ಅದಲುಬದಲಾದರೆ ಎಂಜಿನ್ ಮುಂದಿನ ದೀಪ ಹೊತ್ತಿಸಿಕೊಂಡು ಹಿಂದಕ್ಕೆ ಓಡುತ್ತದೆ. ದಿಕ್ಕನ್ನು ಬದಲಿಸುವ ಸೆಟ್ಟಿಂಗಿನಿಂದ ಇದು ಸರಿಹೋಗುವುದಿಲ್ಲ, ಅದು ದೀಪವನ್ನೂ ಜೊತೆಗೆ ತಿರುಗಿಸುತ್ತದೆ. ಬೆಸುಗೆ ಬಿಡಿಸಿ ತಂತಿಗಳನ್ನೇ ಬದಲಿಸಬೇಕು.

ಎಂಜಿನ್ ಕೊಟ್ಟ ಉತ್ತರ

ಸಿದ್ಧ ಕಮಾಂಡ್ ಸ್ಟೇಷನ್ನುಗಳು ಹೊರದೇಶದಿಂದ ಬರಬೇಕು, ಸಾಗಣೆ ಮತ್ತು ಸುಂಕ ಸೇರಿದರೆ ಬೆಲೆ ಎಂಜಿನ್ನಿನ ಬೆಲೆಯನ್ನು ಎಷ್ಟೋ ಮೀರುತ್ತದೆ. ಡಿಸಿಸಿ ಮುಕ್ತ ಮಾನದಂಡವಾದದ್ದರಿಂದ ಇದಕ್ಕೆ ಇನ್ನೊಂದು ದಾರಿ ಇದೆ. ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಕೂರುವ ಮೋಟಾರ್ ಶೀಲ್ಡು, 15 ವೋಲ್ಟಿನ ಅಡಾಪ್ಟರು, ಇವಿಷ್ಟಿದ್ದರೆ ಡಿಸಿಸಿ-ಇಎಕ್ಸ್ ಎಂಬ ಉಚಿತ ತಂತ್ರಾಂಶದಿಂದ ಪೂರ್ಣಪ್ರಮಾಣದ ಕಮಾಂಡ್ ಸ್ಟೇಷನ್ನೇ ಸಿದ್ಧವಾಗುತ್ತದೆ. ಎಲ್ಲವೂ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆತವು. ಶೀಲ್ಡಿನ ಮೇಲೆ ಅದರ ವೋಲ್ಟೇಜನ್ನು ಕೆಳಗಿನ ಬೋರ್ಡಿಗೆ ಜೋಡಿಸುವ ಒಂದು ಸಣ್ಣ ತಾಮ್ರದ ಗೆರೆ ಇರುತ್ತದೆ, ಅದನ್ನು ಚಾಕುವಿನ ಮೊನೆಯಿಂದ ಕತ್ತರಿಸಬೇಕು, ಇಲ್ಲದಿದ್ದರೆ ಹಳಿಗೆಂದು ಕೊಟ್ಟ ವೋಲ್ಟೇಜು ಬೋರ್ಡಿಗೂ ಹರಿಯುತ್ತದೆ. ಶೀಲ್ಡಿನ ಒಂದು ದಾರಿ ಮುಖ್ಯ ಹಳಿಗೆ, ಇನ್ನೊಂದು ಡಿಕೋಡರಿನ ಸೆಟ್ಟಿಂಗುಗಳನ್ನು ಓದಿ ಬರೆಯುವ ಪ್ರೋಗ್ರಾಮಿಂಗ್ ಹಳಿಗೆ.

ಹೊಸದಾಗಿ ಡಿಕೋಡರು ಹಾಕಿದ ಎಂಜಿನ್ನನ್ನು ಮೊದಲು ಇಡಬೇಕಾದದ್ದು ಪ್ರೋಗ್ರಾಮಿಂಗ್ ಹಳಿಯ ಮೇಲೆಯೇ. ಅಲ್ಲಿ ಕರೆಂಟಿಗೆ ಮಿತಿ ಇರುವುದರಿಂದ ಜೋಡಣೆಯಲ್ಲಿ ಏನಾದರೂ ಲೋಪವಿದ್ದರೆ ಡಿಕೋಡರು ಸುಡುವ ಮುಂಚೆಯೇ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಜೆಎಂಆರ್‌ಐ ತಂತ್ರಾಂಶವನ್ನು ತೆರೆದು, ತಯಾರಕರ ಗುರುತಿನ ಸಂಖ್ಯೆ ಇರುವ 8ನೆಯ ಸಿವಿಯನ್ನು ಓದಲು ಕೇಳಿದೆ. ಸಿವಿ ಎಂದರೆ ಡಿಕೋಡರಿನ ನೆನಪಿನಲ್ಲಿ ಒಂದೊಂದು ಸೆಟ್ಟಿಂಗನ್ನು ಇಟ್ಟುಕೊಳ್ಳುವ, ಸಂಖ್ಯೆ ಕೊಟ್ಟ ಮನೆ. ಡಿಕೋಡರಿಗೆ ಮಾತಾಡಲು ಬೇರೆ ಬಾಯಿಲ್ಲ. ಕೇಳಿದ ಪ್ರಶ್ನೆಗೆ ಹೌದೆನ್ನಬೇಕಾದಾಗ ಅದು ಮೋಟಾರಿಗೆ 6 ಮಿಲಿಸೆಕೆಂಡಿನಷ್ಟು ಹೊತ್ತು ವಿದ್ಯುತ್ ಹರಿಸುತ್ತದೆ. ಹಳಿಯಲ್ಲಿ ಆಗ ಏರುವ ಸುಮಾರು 60 ಮಿಲಿಆಂಪಿಯರನ್ನು ಕಮಾಂಡ್ ಸ್ಟೇಷನ್ ಗಮನಿಸಿ ಉತ್ತರವೆಂದು ತಿಳಿಯುತ್ತದೆ. ಒಂದೊಂದು ಬಿಟ್ಟಿಗೂ ಒಂದೊಂದು ಪ್ರಶ್ನೆ. ಮೇಜಿನ ಮೇಲೆ ಆ ಹಸಿರು ಎಂಜಿನ್ ಒಂದು ಕೂದಲಿನಷ್ಟು ಮುಂದಕ್ಕೆ ತುಡಿಯಿತು, ಸುಮ್ಮನಾಯಿತು, ಮತ್ತೆ ತುಡಿಯಿತು. ಪರದೆಯ ಮೇಲೆ ಸಂಖ್ಯೆ ಮೂಡಿತು. ತಾನು ಯಾರೆಂದು ಎಂಜಿನ್ ಮೊದಲ ಬಾರಿಗೆ ಹೇಳಿತ್ತು.

ಎಲ್ಲ ಡಿಕೋಡರುಗಳೂ 3 ಎಂಬ ವಿಳಾಸದೊಂದಿಗೆ ಬರುತ್ತವೆ. ಎಂಜಿನ್ನನ್ನು ಮುಖ್ಯ ಹಳಿಗೆ ಸರಿಸಿ, ಫೋನಿನಲ್ಲಿದ್ದ 'ಎಂಜಿನ್ ಡ್ರೈವರ್' ಎಂಬ ಆ್ಯಪಿನಲ್ಲಿ 3 ಎಂದು ಕೊಟ್ಟು, ವೇಗವನ್ನು ಸೊನ್ನೆಯಲ್ಲೇ ಬಿಟ್ಟು, ದೀಪದ ಗುಂಡಿಯನ್ನು ಒತ್ತಿದೆ. ದೀಪ ಹೊತ್ತಿಕೊಂಡಿತು. ಎಂಜಿನ್ ಕದಲಲಿಲ್ಲ. ನಾನು ಅದನ್ನು ಓಡಿಸಲು ಅವಸರಪಡಲಿಲ್ಲ. ಕೋಣೆಯ ಲೈಟನ್ನು ಆರಿಸಿ, ಮೇಜಿನ ಅಂಚಿಗೆ ಕಣ್ಣನ್ನು ತಂದು, ಎದುರಿನ ಹಳಿಯ ಮೇಲೆ ಬಿದ್ದ ಆ ಬೆಳಕನ್ನು ಬಹಳ ಹೊತ್ತು ನೋಡಿದೆ. ಕಾಕಾಗೆ ನಾನು ಚಿಕ್ಕಂದಿನಲ್ಲಿ ಕೇಳಿದ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ ಎಂದು ತಿಳಿದಾಗ ಆದ ಸಂತೋಷ ದೊಡ್ಡದು.

ಆಮೇಲೆ ಕ್ಯಾಬಿನ ಮೇಲಿದ್ದ 7012ನ್ನೇ ವಿಳಾಸವಾಗಿ ಕೊಟ್ಟೆ. ನಾಲ್ಕಂಕಿಯ ವಿಳಾಸ ಎರಡು ಸಿವಿಗಳಲ್ಲಿ ಹಂಚಿಹೋಗುತ್ತದೆ: 7012ನ್ನು 256ರಿಂದ ಭಾಗಿಸಿದರೆ ಬರುವ 27ಕ್ಕೆ 192 ಕೂಡಿಸಿ 219 ಎಂದು 17ನೆಯದರಲ್ಲಿ, ಶೇಷವಾದ 100 ಎಂದು 18ನೆಯದರಲ್ಲಿ. ತಂತ್ರಾಂಶ ಇದನ್ನೆಲ್ಲ ತಾನೇ ಮಾಡುತ್ತದೆ, ಆದರೂ ಒಮ್ಮೆ ಕೈಯಿಂದ ಲೆಕ್ಕ ಹಾಕಿ ನೋಡುವುದು ನನಗೆ ಇಷ್ಟ. ಅಂದಹಾಗೆ, ಡಿಸಿಸಿ ವಿಳಾಸಗಳ ಮಿತಿ 10239. ಡಬ್ಲ್ಯುಡಿಜಿ-4 ಎಂಜಿನ್ನುಗಳ ಸಂಖ್ಯೆ 12001ರಿಂದ ಆರಂಭವಾಗುವುದರಿಂದ, ಹುಬ್ಬಳ್ಳಿಯ ಎಂಜಿನ್ನನ್ನು ಯಾರಾದರೂ ಮಾದರಿಯಾಗಿ ಮಾಡಿದರೆ ಅದರ ಪೂರ್ಣ ಸಂಖ್ಯೆಯನ್ನು ವಿಳಾಸವಾಗಿ ಕೊಡಲಾಗುವುದಿಲ್ಲ.

ಹೊರಡುವುದು, ನಿಲ್ಲುವುದು

ವಿಳಾಸಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಎಂಜಿನ್ನಿನ ಸ್ವಭಾವವನ್ನು ತಿದ್ದಲು. 2ನೆಯ ಸಿವಿ ಎಂಜಿನ್ ಕದಲಲು ಬೇಕಾದ ಮೊದಲ ವೋಲ್ಟೇಜನ್ನು ಹೇಳುತ್ತದೆ, 3ನೆಯದು ವೇಗ ಏರುವ ನಿಧಾನವನ್ನು, 4ನೆಯದು ಇಳಿಯುವ ನಿಧಾನವನ್ನು. ಮೂರನೆಯದಕ್ಕೆ ಕೊಟ್ಟ ಸಂಖ್ಯೆಯನ್ನು 0.896ರಿಂದ ಗುಣಿಸಿದರೆ ನಿಂತಲ್ಲಿಂದ ಪೂರ್ಣ ವೇಗಕ್ಕೆ ತಲುಪಲು ಹಿಡಿಯುವ ಸೆಕೆಂಡುಗಳು ಸಿಗುತ್ತವೆ, 20 ಕೊಟ್ಟರೆ ಸುಮಾರು 18 ಸೆಕೆಂಡು. ನಾನು ಅದಕ್ಕಿಂತ ಹೆಚ್ಚನ್ನೇ ಇಟ್ಟಿದ್ದೇನೆ. ಸಾವಿರಾರು ಟನ್ನಿನ ಗೂಡ್ಸ್ ರೈಲು ಹೊರಡುವುದನ್ನು ನೋಡಿದವರಿಗೆ ಗೊತ್ತು, ಮೊದಲು ಎಂಜಿನ್ನಿನ ಸದ್ದು ಏರುತ್ತದೆ, ಕೊಂಡಿಗಳು ಒಂದೊಂದಾಗಿ ಬಿಗಿಯುತ್ತವೆ, ಗಾಲಿ ಉರುಳುತ್ತಿದೆಯೇ ಇಲ್ಲವೇ ಎಂದು ಅನುಮಾನವಾಗುವಷ್ಟು ಮೆಲ್ಲಗೆ ಚಲನೆ ಆರಂಭವಾಗುತ್ತದೆ. ಅನಲಾಗಿನಲ್ಲಿ ನನ್ನ ಎಂಜಿನ್ ಗುಂಡಿ ತಿರುಗಿಸಿದಷ್ಟು ಹೊತ್ತೂ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಈಗಿನ ಡಿಕೋಡರು ಮೋಟಾರಿಗೆ ಕೊಡುವ ವಿದ್ಯುತ್ತನ್ನು ನಡುನಡುವೆ ಕ್ಷಣಕಾಲ ನಿಲ್ಲಿಸಿ, ತಿರುಗುತ್ತಿರುವ ಮೋಟಾರು ಆಗ ತಾನೇ ಉತ್ಪಾದಿಸುವ ವೋಲ್ಟೇಜನ್ನು ಅಳೆದು, ಅದರಿಂದ ನಿಜವಾದ ವೇಗವನ್ನು ತಿಳಿದು, ಬೇಕಾದಷ್ಟು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ. ಅದೇ ಹಳೆಯ ಮೋಟಾರು, ಅದೇ ಗೇರುಗಳು, ಆದರೆ ಒಂದು ಸ್ಲೀಪರಿನಿಂದ ಇನ್ನೊಂದಕ್ಕೆ ಹೋಗುವುದನ್ನು ಕಣ್ಣಿನಿಂದ ಎಣಿಸಬಹುದು.

ಡಿಸಿಸಿ ಎಂಜಿನ್ನಿಗೆ ದೊಡ್ಡ ಶತ್ರು ಧೂಳು. ಅನಲಾಗಿನಲ್ಲಿ ಕ್ಷಣಕಾಲ ಸಂಪರ್ಕ ತಪ್ಪಿದರೆ ಫ್ಲೈವೀಲು ಎಳೆದುಕೊಂಡು ಹೋಗುತ್ತದೆ. ಡಿಕೋಡರಿಗೆ ಮಾತ್ರ ಸಂಪರ್ಕ ತಪ್ಪಿದರೆ ವಿದ್ಯುತ್ತಿನೊಂದಿಗೆ ಅಪ್ಪಣೆಯೂ ತಪ್ಪುತ್ತದೆ. ನೀಲಿ ಪೆಟ್ಟಿಗೆಯ ಹಳೆಯ ಗಾಲಿಗಳು ಪುಡಿಗಬ್ಬಿಣವನ್ನು ಒತ್ತಿ ಮಾಡಿದವು, ಅವುಗಳ ಒರಟು ಮೈ ಕೊಳೆಯನ್ನು ಬೇಗ ಹಿಡಿಯುತ್ತದೆ. ಅವನ್ನು ತೆಗೆದು ನಿಕಲ್ ಸಿಲ್ವರ್ ಗಾಲಿಗಳನ್ನು ಹಾಕುವುದೇ ಸರಿಯಾದ ಪರಿಹಾರ. ಡಿಕೋಡರಿಗೆ ಕೆಲವು ಕ್ಷಣ ಜೀವ ಹಿಡಿದಿಡುವ ಕೆಪ್ಯಾಸಿಟರುಗಳೂ ಸಿಗುತ್ತವೆ, ಆದರೆ ಗಾಲಿ ಮತ್ತು ಹಳಿ ಸ್ವಚ್ಛವಾಗಿಲ್ಲದಾಗ ಅವುಗಳನ್ನು ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಹಳೆಯದನ್ನು ಮುಟ್ಟಬಹುದೇ

ಈ ಹವ್ಯಾಸದ ಗೆಳೆಯರಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಹಳೆಯ ಎಂಜಿನ್ನನ್ನು ಹೇಗಿದೆಯೋ ಹಾಗೆಯೇ ಇಡಬೇಕು, ಡಿಜಿಟಲ್ ಬೇಕಾದವರು ಹೊಸದನ್ನು ಕೊಳ್ಳಲಿ ಎಂಬುದು ಅವರ ವಾದ. ಆ ವಾದದಲ್ಲಿ ತೂಕವಿದೆ. ಒಂದು ಕಾಲದ ತಯಾರಿಕೆಯ ಬುದ್ಧಿವಂತಿಕೆ ಅದರ ಒಳಗಿನ ತಗಡಿನ ಪಟ್ಟಿಯಲ್ಲೂ ಇರುತ್ತದೆ, ಅದನ್ನು ಕಿತ್ತು ಎಸೆದವರು ಒಂದು ದಾಖಲೆಯನ್ನೇ ಕಳೆದಂತಾಗುತ್ತದೆ. ಹಾಗೆಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಎಂಜಿನ್ನಿನ ಗ್ರೀಸು ಗಟ್ಟಿಯಾಗುತ್ತದೆ, ರಬ್ಬರು ಬಿರಿಯುತ್ತದೆ. ಓಡುವುದಕ್ಕೆಂದೇ ಮಾಡಿದ ವಸ್ತು ಓಡದೆ ಉಳಿಯುವುದಿಲ್ಲ. ಕೆಲಸ ಆರಂಭಿಸುವ ಮೊದಲು ಕಾಕಾಗೆ ಫೋನು ಮಾಡಿ ಕೇಳಿದ್ದೆ. ಅವರೀಗ ಅಲ್ಲಿಯೇ ನಿವೃತ್ತರಾಗಿದ್ದಾರೆ. "ನಿನಗ ಕೊಟ್ಟಿದ್ದು ನಿಂದs ಆತು, ಅದರಾಗ ಕೇಳೂದೇನೈತಿ? ಆದ್ರ ತಗದ ಸಾಮಾನು ಒಗೀಬ್ಯಾಡ, ಡಬ್ಬ್ಯಾಗ ಇಟ್ಟಿರು," ಎಂದರು.

ಅವರ ಮಾತಿನಂತೆಯೇ ನಡೆದುಕೊಂಡಿದ್ದೇನೆ. ಚೌಕಟ್ಟಿಗೆ ಹೊಸ ತೂತು ಕೊರೆದಿಲ್ಲ, ಯಾವುದನ್ನೂ ಅರದಿಂದ ಉಜ್ಜಿಲ್ಲ. ಮೂಲದ ಕ್ಲಿಪ್ಪು, ತಗಡಿನ ಪಟ್ಟಿ, ಬಲ್ಬು ಮೂರನ್ನೂ ಜಿಪ್ ಚೀಲದಲ್ಲಿ ಹಾಕಿ ಆ ನೀಲಿ ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಮೋಟಾರು ಚೌಕಟ್ಟಿನಿಂದ ಬೇರ್ಪಟ್ಟಿದೆ, ವಿಳಾಸ 7012, ಬದಲಿಸಿದ ಸಿವಿಗಳು ಇವು, ಬಲಗಡೆಯ ಹಳಿ ಚೌಕಟ್ಟಿಗೆ ಸೇರಿದೆ ಎಂದು ಅದರಲ್ಲಿ ಬರೆದಿದೆ. ಮುಂದೆ ಯಾರ ಕೈಗೆ ಹೋದರೂ ಅವರು ಒಂದು ಮಧ್ಯಾಹ್ನದಲ್ಲಿ ಇದನ್ನು ಮೊದಲಿನ ಸ್ಥಿತಿಗೆ ತರಬಹುದು. ಹಿಂದಕ್ಕೆ ಮರಳಿಸಲಾಗುವ ಬದಲಾವಣೆಯನ್ನು ಹಳೆಯ ವಸ್ತುವಿಗೆ ಮಾಡಿದ ಅನ್ಯಾಯವೆಂದು ನಾನು ಭಾವಿಸುವುದಿಲ್ಲ.

ಕಾಕಾ ತಮ್ಮಲ್ಲಿರುವ ಇನ್ನೊಂದು ಎಸ್‌ಡಿ40-2ನ್ನೂ ಕಳಿಸುವುದಾಗಿ ಹೇಳಿದ್ದಾರೆ. ಅದು ಬಂದರೆ ಮಾಡಬೇಕೆಂದಿರುವ ಕೆಲಸ ಈಗಲೇ ತಲೆಯಲ್ಲಿದೆ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ, 37ಕ್ಕೆ 1ರ ಏರಿನಲ್ಲಿ, ರೈಲಿನ ಹಿಂದೆ ಬ್ಯಾಂಕರ್ ಎಂಜಿನ್ನುಗಳು ನಿಂತು ತಳ್ಳುವುದನ್ನು ನಮ್ಮ ಕಡೆಯವರು ನೋಡಿದ್ದೇವೆ. ಎರಡು ಎಂಜಿನ್ನುಗಳಿಗೂ 19ನೆಯ ಸಿವಿಯಲ್ಲಿ ಒಂದೇ ಗುಂಪಿನ ಸಂಖ್ಯೆ ಕೊಟ್ಟರೆ ಒಂದು ಮುಂದಿನಿಂದ ಎಳೆಯುತ್ತದೆ, ಇನ್ನೊಂದು ಹಿಂದಿನಿಂದ ತಳ್ಳುತ್ತದೆ. ಹಿಂದಿನದು ಬೆನ್ನು ತಿರುಗಿಸಿ ನಿಂತಿದ್ದರೆ ಅದರ ಸಂಖ್ಯೆಗೆ 128 ಕೂಡಿಸಬೇಕು. ಆದರೆ ಎರಡು ಮೋಟಾರುಗಳ ವಯಸ್ಸು, ಸವೆತ ಒಂದೇ ಆಗಿರುವುದಿಲ್ಲ, ಒಂದು ಅವಸರಪಟ್ಟರೆ ನಡುವಿನ ವ್ಯಾಗನ್ನುಗಳು ತಿರುವಿನಲ್ಲಿ ಹಳಿ ತಪ್ಪುತ್ತವೆ. 67ರಿಂದ 94ರವರೆಗಿನ ಸಿವಿಗಳಲ್ಲಿ ಇಪ್ಪತ್ತೆಂಟು ಹೆಜ್ಜೆಗಳ ವೇಗದ ಪಟ್ಟಿಯನ್ನು ಒಂದೊಂದಾಗಿ ತಿದ್ದಿ ಎರಡನ್ನೂ ಸರಿಹೊಂದಿಸಬೇಕು. ಅದಕ್ಕೂ ಮುಂಚೆ ಹೊಸತಾಗಿ ಬರುವ ಎಂಜಿನ್ನಿನ ಕಮ್ಯುಟೇಟರನ್ನು ಒರೆಸಿ, ಫ್ಲೈವೀಲು ಹಿಡಿದು ಅದು ಎಷ್ಟು ಕರೆಂಟು ಎಳೆಯುತ್ತದೆಂದು ಅಳೆಯಬೇಕು.